ಮಳೆಗಾಲಕ್ಕೆ ಮುನ್ನ ಹಳೆಯ ಮೋಟಾರ್ ಸೈಕಲ್ಲಿನ ತಪಾಸಣೆ

ನಮ್ಮ ಸಂಘದ ಸದಸ್ಯರಲ್ಲಿ ಹಳೆಯ ಬುಲೆಟ್ಟನ್ನೋ ಯೆಜ್ಡಿಯನ್ನೋ ಇಟ್ಟುಕೊಂಡವರು ಇನ್ನೂ ಹಲವರಿದ್ದಾರೆ. ಕಾಫಿಗೆ ಒಳ್ಳೆಯ ಧಾರಣೆ ಸಿಕ್ಕ ಯಾವುದೋ ವರ್ಷ ತಂದೆಯವರು ಕೊಂಡ ಗಾಡಿ. ಮಾರಲು ಮನಸ್ಸಿಲ್ಲ, ಮಾರಲೇಬೇಕಾದ ಅಗತ್ಯವೂ ಇಲ್ಲ. ತೋಟದ ಕಚ್ಚಾ ರಸ್ತೆಗೂ ಅದೇ, ಪೇಟೆಗೂ ಅದೇ, ಚಾರ್ಮಾಡಿಯನ್ನೋ ಆಗುಂಬೆಯನ್ನೋ ಇಳಿದು ಕೆಳಗಿನ ನೆಂಟರ ಮನೆಗೆ ಹೋಗುವುದಕ್ಕೂ ಅದೇ. ಇಂಥ ಗಾಡಿಯನ್ನು ಮಳೆಗಾಲಕ್ಕೆ ಮುನ್ನ ಹೇಗೆ ನೋಡಿಕೊಳ್ಳಬೇಕೆಂದು ಬರೆಯಿರಿ ಎಂಬುದಾಗಿ ಕೆಲವು ಸದಸ್ಯರು ಕೇಳಿದ್ದರಿಂದ ಈ ಲೇಖನ.

ವಯಸ್ಸಿನ ಲೆಕ್ಕವನ್ನು ಮೊದಲೇ ಹೇಳಿಬಿಡುವುದು ಒಳಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಗಾಡಿ ತಯಾರಿಸಲು ತೊಡಗಿ 1996ರಲ್ಲಿ ಬಾಗಿಲು ಹಾಕಿತು. ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂದದ್ದು 1973ರಲ್ಲಿ. ಅಂದರೆ ಹಳೆಯ ಯೆಜ್ಡಿಗಳ ಪೈಕಿ ಎಲ್ಲಕ್ಕಿಂತ ಕಿರಿಯದಕ್ಕೂ ಈಗ ಮೂವತ್ತು ವರ್ಷದ ಹತ್ತಿರವಾಯಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರಿನಲ್ಲಿ ಮತ್ತೆ ಗಾಡಿಗಳು ಬಂದಿವೆಯಾದರೂ ಅವು ನಾಲ್ಕು ಸ್ಟ್ರೋಕಿನ ಬೇರೆಯೇ ಯಂತ್ರಗಳು. ಅವುಗಳ ಬಿಡಿಭಾಗ ನಮ್ಮ ಹಳೆಯ ಎರಡು ಸ್ಟ್ರೋಕಿನ ಗಾಡಿಗೆ ಹೊಂದುವುದಿಲ್ಲ. ಮದ್ರಾಸಿನ ಎನ್‌ಫೀಲ್ಡ್ ಕಾರ್ಖಾನೆಯ ಎರಕದ ಕಬ್ಬಿಣದ ಎಂಜಿನ್ನಿನ 350 ಬುಲೆಟ್ಟಿಗೆ ಈ ತೊಂದರೆ ಅಷ್ಟಿಲ್ಲ, ಬಿಡಿಭಾಗ ಸಿಗುತ್ತದೆ. ಆದರೆ ಅದಕ್ಕೆ ಅದರದೇ ಆದ ಬೇರೆ ಅಪಾಯವಿದೆ. ಅದನ್ನು ಮುಂದೆ ಹೇಳುತ್ತೇವೆ.

ನಮ್ಮಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ಗಾಡಿಗೆಂದು ಕೈಗೆ ಹಣ ಬಂದರೆ ಅದು ಮೊದಲು ಎಂಜಿನ್ನಿಗೆ ಹೋಗುತ್ತದೆ. ಉಳಿದರೆ ಬಣ್ಣಕ್ಕೆ, ಕ್ರೋಮಿಗೆ, ಸೀಟಿನ ಹೊದಿಕೆಗೆ. ಚಕ್ರದ ಒಳಗೆ ಏನಿದೆ ಎಂದು ಯಾರೂ ಬಿಚ್ಚಿ ನೋಡುವುದಿಲ್ಲ. ಕೆಲವು ವರ್ಷಗಳ ಕೆಳಗೆ ಜುಲೈ ತಿಂಗಳ ಒಂದು ಸಂಜೆ ನಮ್ಮ ಸದಸ್ಯರೊಬ್ಬರು ಘಾಟಿಯ ತಿರುವಿನಲ್ಲಿ ನಿಲ್ಲಿಸಲಾಗದೆ ಚರಂಡಿಗೆ ಬಿದ್ದರು. ತೊಡೆಯ ಮೂಳೆ ಮುರಿದು ಆ ವರ್ಷದ ಅಡಿಕೆ ಕೊಯ್ಲು, ಕಾಫಿ ಕೊಯ್ಲು ಎರಡನ್ನೂ ಮಂಚದ ಮೇಲಿಂದಲೇ ನೋಡಿದರು. ಮೂರು ಎಕರೆಯ ತೋಟದಲ್ಲಿ ಯಜಮಾನನೇ ಆಳಾಗಿ ದುಡಿಯುವ ಮನೆ ಅದು. ಗಾಡಿಯನ್ನು ಎತ್ತಿ ತಂದು ನೋಡಿದಾಗ ಎಂಜಿನ್ನಿಗೆ ಆ ಬೇಸಗೆಯಷ್ಟೇ ಹೊಸ ಪಿಸ್ಟನ್ ಬಿದ್ದಿತ್ತು. ಹಿಂದಿನ ಬ್ರೇಕ್ ಶೂ ಮಾತ್ರ ರಿವೆಟ್ಟಿನ ತಲೆಯವರೆಗೆ ಸವೆದಿತ್ತು. ಎಂಜಿನ್ ಕೆಟ್ಟರೆ ಗಾಡಿ ದಾರಿಯಲ್ಲಿ ನಿಲ್ಲುತ್ತದೆ, ತಳ್ಳಿಕೊಂಡು ಬರಬಹುದು. ಬ್ರೇಕು, ಟೈರು, ಕೇಬಲ್ಲು ಕೆಟ್ಟರೆ ಹಾಗಲ್ಲ. ಆದ್ದರಿಂದ ಈ ಲೇಖನದಲ್ಲಿ ಎಂಜಿನ್ನಿನ ಮಾತು ಕಡಿಮೆ.

ಮೊದಲು ಬ್ರೇಕ್. ಹಳೆಯ ಗಾಡಿಗಳದ್ದು ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಎರಡೂ ಚಕ್ರಗಳನ್ನು ಬಿಚ್ಚಿಸತಕ್ಕದ್ದು. ಲೈನಿಂಗನ್ನು ರಿವೆಟ್ ಹೊಡೆದು ಕೂರಿಸಿದ್ದರೆ ರಿವೆಟ್ಟಿನ ತಲೆ ಡ್ರಮ್ಮಿಗೆ ತಾಗುವ ಮುನ್ನವೇ ಬದಲಾಯಿಸಬೇಕು. ಅಂಟಿಸಿದ ಲೈನಿಂಗ್ ಆದರೆ ಸುಮಾರು 2 ಮಿಲಿಮೀಟರಿಗೆ ಇಳಿದಾಗ. ಲೈನಿಂಗ್ ದಪ್ಪವಾಗಿದ್ದೂ ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಹಿಡಿಯುವುದಿಲ್ಲ. ಮರಳುಕಾಗದದಿಂದ ಉಜ್ಜಿ ಹೊಳಪು ತೆಗೆಯಬೇಕು. ಬೇರಿಂಗಿನ ಗ್ರೀಸು ಕರಗಿ ಶೂ ಮೇಲೆ ಬಂದಿದ್ದರೆ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಪದ್ಧತಿ ಇದೆ. ಅದು ಪ್ರಯೋಜನವಿಲ್ಲದ ಕೆಲಸ. ಲೈನಿಂಗ್ ಒಳಗೆ ಹೀರಿದ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ, ಅದೂ ಘಾಟಿಯ ನಡುವೆ. ಅಂಥ ಶೂ ಎಸೆದು ಗ್ರೀಸು ಸೋರಿದ ಕಾರಣವನ್ನೂ ಸರಿಪಡಿಸಬೇಕು. ಇನ್ನೊಂದು ಮಾತು: ಹಳೆಯ ಕಾಲದ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಧೂಳನ್ನು ಬಾಯಲ್ಲಿ ಊದಿ ತೆಗೆಯುವ ಅಭ್ಯಾಸ ಶ್ವಾಸಕೋಶಕ್ಕೆ ಕೆಡುಕು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ರಿಪೇರಿಯ ಹುಡುಗನಿಗೂ ಹೇಳಿರಿ.

ಬ್ರೇಕಿನ ಹೊರಗಿನ ತೋಳನ್ನು ಗಮನಿಸುವವರು ಕಡಿಮೆ. ಬ್ರೇಕನ್ನು ಪೂರ್ತಿ ಅದುಮಿದಾಗ ಆ ತೋಳಿಗೂ ಅದನ್ನೆಳೆಯುವ ಕಡ್ಡಿ ಅಥವಾ ಕೇಬಲ್ಲಿಗೂ ನಡುವೆ ಹೆಚ್ಚುಕಡಿಮೆ ಕಟ್ಟುಮೂಲೆ ಇರಬೇಕು. ಲೈನಿಂಗ್ ಸವೆಯುತ್ತ ಬಂದಂತೆ ತೋಳು ಅದನ್ನು ದಾಟಿ ವಾಲುತ್ತದೆ. ಆಗ ನಾವು ಎಷ್ಟೇ ಒತ್ತಿದರೂ ಬಲ ವ್ಯರ್ಥವಾಗುತ್ತದೆ. ಇದಕ್ಕೆ ಕೆಲವರು ಸುಲಭೋಪಾಯ ಕಂಡುಕೊಂಡಿದ್ದಾರೆ: ತೋಳನ್ನು ಕಳಚಿ ಒಂದು ಹಲ್ಲು ಹಿಂದಕ್ಕೆ ಕೂರಿಸುವುದು. ಬ್ರೇಕ್ ಹೊಸದರಂತೆ ಹಿಡಿಯುತ್ತದೆ ನಿಜ. ಆದರೆ ಒಳಗಿನ ಕ್ಯಾಮ್ ಅಳತೆ ಮೀರಿ ತಿರುಗಿ ಅಲ್ಲೇ ಸಿಕ್ಕಿಕೊಂಡರೆ ಚಕ್ರವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದು ಸಾಲ ತೀರಿಸಲು ಇನ್ನೊಂದು ಕಡೆ ಸಾಲ ಮಾಡಿದ ಹಾಗೆ. ಸಂಘದಲ್ಲಿ ಕುಳಿತ ನಮಗೆ ಆ ವ್ಯವಹಾರದ ಕೊನೆ ಗೊತ್ತು.

ಚಕ್ರ ಮರಳಿ ಜೋಡಿಸುವಾಗ ಬ್ರೇಕ್ ಫಲಕ ತಿರುಗದಂತೆ ಹಿಡಿಯುವ ಗೂಟವೋ ಕಡ್ಡಿಯೋ ತನ್ನ ಜಾಗದಲ್ಲಿ ಕೂತಿದೆಯೇ, ನಟ್ಟು ಬಿಗಿಯಾಗಿದೆಯೇ ಎಂದು ನೀವೇ ಬಗ್ಗಿ ನೋಡಬೇಕು. ಅದೊಂದು ಜಾರಿದರೆ ಬ್ರೇಕ್ ಹಾಕಿದ ಕ್ಷಣ ಇಡೀ ಫಲಕವೇ ಚಕ್ರದ ಜೊತೆ ಸುತ್ತುತ್ತದೆ. ಸ್ಪ್ಲಿಟ್ ಪಿನ್ ಇರಬೇಕಾದ ಕಡೆ ತಂತಿ ಸುತ್ತಿ ಕಳಿಸಿದ್ದರೆ ಒಪ್ಪಿಕೊಳ್ಳಕೂಡದು.

ನಂತರದ ಬುಲೆಟ್ಟುಗಳಲ್ಲಿ ಮುಂದಿನ ಚಕ್ರಕ್ಕೆ ಎರಡು ಕ್ಯಾಮಿನ, 7 ಅಂಗುಲದ ಬ್ರೇಕ್ ಕೊಟ್ಟಿದ್ದಾರೆ. ಮುಂದಕ್ಕೆ ಹೋಗುವಾಗ ಅದು ಚೆನ್ನಾಗಿ ಹಿಡಿಯುತ್ತದೆ. ಆದರೆ ಏರಿನಲ್ಲಿ ನಿಲ್ಲಿಸಿದಾಗ, ಗಾಡಿ ಹಿಂದಕ್ಕೆ ಉರುಳುವ ಸಂದರ್ಭದಲ್ಲಿ, ಅದರ ಹಿಡಿತ ತೀರ ಕಡಿಮೆ. ಅದರ ರಚನೆಯೇ ಹಾಗೆ, ದೋಷವಲ್ಲ. ಹಿಂದೆ ಮನೆಯವರನ್ನು ಕೂರಿಸಿಕೊಂಡು ಏರಿನಲ್ಲಿ ಬಸ್ಸಿಗೆ ದಾರಿ ಬಿಡಲು ನಿಂತಾಗ ಕಾಲಿನ ಬ್ರೇಕೇ ಗತಿ ಎಂಬುದು ನೆನಪಿರಲಿ. ಎರಡು ಕ್ಯಾಮುಗಳನ್ನು ಜೋಡಿಸುವ ಕಡ್ಡಿಯ ಉದ್ದ ಸರಿಯಿಲ್ಲದಿದ್ದರೆ ಒಂದೇ ಶೂ ಕೆಲಸ ಮಾಡುತ್ತಿರುತ್ತದೆ, ಅದನ್ನೂ ನೋಡಿಸಿರಿ.

ಇಳಿಜಾರಿನ ವಿಚಾರದಲ್ಲಿ ಬುಲೆಟ್ಟಿಗೂ ಯೆಜ್ಡಿಗೂ ವ್ಯತ್ಯಾಸವಿದೆ. ಏರಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಎಂಬ ಹಳೆಯ ಮಾತು ಬುಲೆಟ್ಟಿಗೆ ಪೂರ್ತಿ ಸಲ್ಲುತ್ತದೆ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ. ಯೆಜ್ಡಿಯಲ್ಲಿ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೆ. ಆಕ್ಸಲರೇಟರ್ ಮುಚ್ಚಿ ಮೈಲುಗಟ್ಟಲೆ ಇಳಿದರೆ ಪೆಟ್ರೋಲೂ ಇಲ್ಲ, ಎಣ್ಣೆಯೂ ಇಲ್ಲ. ಎಂಜಿನ್ ವೇಗವಾಗಿ ತಿರುಗುತ್ತಲೇ ಇರುತ್ತದೆ. ಪಿಸ್ಟನ್ ಹಿಡಿದುಕೊಂಡರೆ ಹಿಂದಿನ ಚಕ್ರ ಒಮ್ಮೆಗೇ ನಿಲ್ಲುತ್ತದೆ. ಆದ್ದರಿಂದ ಇಳಿಯುವಾಗ ಆಗಾಗ ಕ್ಲಚ್ ಹಿಡಿದು ಒಂದೆರಡು ಬಾರಿ ಆಕ್ಸಲರೇಟರ್ ತಿರುಗಿಸಿ ಎಣ್ಣೆ ಕುಡಿಸುತ್ತಿರಬೇಕು. ಎಂಜಿನ್ನಿನ ಸ್ವರ ಬಿಗಿಯಾದಂತೆ ಅನ್ನಿಸಿದರೆ ತಕ್ಷಣ ಕ್ಲಚ್ ಹಿಡಿಯಬೇಕು. ಎಂಜಿನ್ನಿನ ಹಿಡಿತವೂ ಎರಡು ಸ್ಟ್ರೋಕಿನಲ್ಲಿ ಕಡಿಮೆ. ಒಟ್ಟಿನಲ್ಲಿ ಘಾಟಿಯಲ್ಲಿ ಯೆಜ್ಡಿಯ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುವುದರಿಂದ ಅದರ ಶೂಗಳನ್ನು ಬುಲೆಟ್ಟಿನದಕ್ಕಿಂತ ಹೆಚ್ಚು ಜೋಪಾನ ಮಾಡಬೇಕು.

ಒಂದೇ ಸಮನೆ ಬ್ರೇಕ್ ಒತ್ತಿಕೊಂಡು ಇಳಿದರೆ ಡ್ರಮ್ ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲಿವರ್ ಇನ್ನೂ ಒಳಕ್ಕೆ ಬರುತ್ತದೆ, ಹಿಡಿತ ಇಳಿಯುತ್ತದೆ. ಹೀಗಾದಾಗ ಅಗಲವಿರುವ ಕಡೆ ನಿಲ್ಲಿಸಿ ಆರಲು ಬಿಡಬೇಕು; ಕಾದ ಡ್ರಮ್ಮಿಗೆ ತೊರೆಯ ನೀರು ಎರಚಕೂಡದು. ತೋಡು ದಾಟಿದ ಮೇಲೆ ಒಳಗೆ ನೀರು ಸೇರಿದ್ದರೆ ಸ್ವಲ್ಪ ದೂರ ಮೆಲ್ಲಗೆ ಹೋಗುತ್ತ ಎರಡೂ ಬ್ರೇಕುಗಳನ್ನು ಹಗುರವಾಗಿ ತಾಗಿಸುತ್ತಿದ್ದರೆ ಒಣಗುತ್ತದೆ. ಪೆಟ್ರೋಲ್ ಉಳಿಸಲು ಎಂಜಿನ್ ಬಂದ್ ಮಾಡಿ ನ್ಯೂಟ್ರಲಿನಲ್ಲಿ ಘಾಟಿ ಇಳಿಯುವವರಿದ್ದಾರೆ. ಅವರು ಉಳಿಸುವ ಪೆಟ್ರೋಲಿನ ಬೆಲೆಯನ್ನು ನಾವು ಲೆಕ್ಕ ಹಾಕುವುದಿಲ್ಲ.

ಟೈರುಗಳ ಬಗ್ಗೆ ಒಂದು ಭ್ರಮೆ ಹರಡಿದೆ: ಗುಂಡಿ ಆಳವಾಗಿದ್ದರೆ ಟೈರ್ ಚೆನ್ನಾಗಿದೆ ಎಂದು. ದ್ವಿಚಕ್ರಕ್ಕೆ ಕಾನೂನು ಕೇಳುವುದು 0.8 ಮಿಲಿಮೀಟರ್ ಗುಂಡಿ. ಮಲೆನಾಡಿನ ಮಳೆಗೆ ಅದು ಸಾಲದು ಎಂಬುದು ನಮ್ಮ ಅಭಿಮತ. ಅದರ ಎರಡರಷ್ಟಾದರೂ ಇರಲಿ. ಆದರೆ ತಿಂಗಳಿಗೆ ನಾಲ್ಕು ಸಲ ಹೊರಡುವ ಹಳೆಯ ಗಾಡಿಯ ಟೈರು ಸವೆಯುವುದಕ್ಕಿಂತ ಮುಂಚೆ ಮುದಿಯಾಗುತ್ತದೆ. ರಬ್ಬರು ಗಟ್ಟಿಯಾಗಿ, ಪಕ್ಕೆಯಲ್ಲಿ ಸಣ್ಣ ಬಿರುಕು ಬಿಟ್ಟು, ಒದ್ದೆ ಟಾರಿನ ಮೇಲೆ ಮರದ ಚಕ್ರದಂತೆ ಜಾರುತ್ತದೆ. ಪಕ್ಕೆಯ ಮೇಲೆ ನಾಲ್ಕು ಅಂಕಿಯ ಒಂದು ಸಂಖ್ಯೆ ಇರುತ್ತದೆ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಹೊಸ ಟೈರ್ ಕೊಳ್ಳುವಾಗಲೂ ಇದನ್ನು ಓದಿರಿ. 19 ಅಂಗುಲದ ಟೈರುಗಳು ಅಂಗಡಿಯ ಅಟ್ಟದಲ್ಲಿ ಎಷ್ಟು ವರ್ಷ ಕಾದಿರುತ್ತವೆಯೋ ಹೇಳಲಾಗದು. ಗಾಳಿ ತುಂಬುವ ವಾಲ್ವು ನೆಟ್ಟಗೆ ನಿಲ್ಲದೆ ಓರೆಯಾಗಿದ್ದರೆ ಟೈರು ರಿಮ್ಮಿನ ಮೇಲೆ ಸರಿಯುತ್ತಿದೆ ಎಂದು ತಿಳಿಯಬೇಕು. ಹಾಗೇ ಬಿಟ್ಟರೆ ಒಂದು ದಿನ ವಾಲ್ವಿನ ಬುಡ ಕಿತ್ತು ಗಾಳಿ ಪೂರ್ತಿ ಒಮ್ಮೆಗೇ ಹೋಗುತ್ತದೆ. ಗಾಳಿಯನ್ನು ಕಾಲಿನಿಂದ ಒದ್ದು ಅಳೆಯುವುದು ಬೇಡ. ಕೈಪಿಡಿಯಲ್ಲಿ ಹೇಳಿದಷ್ಟನ್ನು ಗೇಜಿನಿಂದ, ಟೈರು ತಣ್ಣಗಿರುವಾಗ ನೋಡಿರಿ.

ಎಣ್ಣೆ ಸೋರದ ಬುಲೆಟ್ಟೇ ಇಲ್ಲ ಎಂದು ನಗುತ್ತೇವೆ. ನೆಲಕ್ಕೆ ಸೋರಿದರೆ ನಗಬಹುದು. ಚೈನಿನ ಕಡೆಯಿಂದಲೋ ಉಸಿರುಕೊಳವೆಯಿಂದಲೋ ಸಿಡಿದು ಹಿಂದಿನ ಟೈರಿನ ಅಂಚಿಗೆ ಬೀಳುತ್ತಿದ್ದರೆ ಮೊದಲ ತಿರುವಿನಲ್ಲೇ ನಗು ನಿಲ್ಲುತ್ತದೆ. ಗಾಡಿ ಓಡಿಸಿ ಬಂದ ಮೇಲೆ ಟೈರಿನ ಎರಡೂ ಅಂಚನ್ನು ಬೆರಳಿನಿಂದ ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ.

ಕಡ್ಡಿಗಳ ವಿಷಯ ನಮ್ಮಂಥ ಬೆಳೆಗಾರರಿಗೆ ವಿಶೇಷವಾಗಿ ಸಂಬಂಧಿಸಿದ್ದು. ಬೋರ್ಡೋ ಮಿಶ್ರಣಕ್ಕೆ ಸುಣ್ಣ ಸಾಲದಿದ್ದರೆ ತಿಳಿಯಲೆಂದು ಚಾಕುವಿನ ಅಲಗನ್ನು ಅದ್ದಿ ನೋಡುತ್ತೇವಲ್ಲ. ಅಲಗು ಕೆಂಪಾದರೆ ತಾಮ್ರ ಕಬ್ಬಿಣವನ್ನು ತಿನ್ನುತ್ತಿದೆ ಎಂದು ಗೊತ್ತಾಗುತ್ತದೆ. ಅದೇ ಮೈಲುತುತ್ತದ ಚೀಲವನ್ನು ಬುಲೆಟ್ಟಿನ ಹಿಂದೆ ಕಟ್ಟಿ ಮಳೆಯಲ್ಲಿ ತರುತ್ತೇವೆ. ತೊಟ್ಟಿಕ್ಕಿದ ನೀರು ಕಡ್ಡಿಗಳ ಬುಡಕ್ಕೆ, ಬ್ರೇಕಿನ ಪಿವಟ್ಟಿಗೆ, ಚೈನಿಗೆ ಇಳಿಯುತ್ತದೆ. ಪೊಟ್ಯಾಷ್ ಗೊಬ್ಬರವೂ ಉಪ್ಪೇ ಆದ್ದರಿಂದ ತುಕ್ಕಿಗೆ ಅದೂ ಕಾರಣ. ಇಂಥ ಹೊರೆ ತಂದ ದಿನ ಒಳ್ಳೆಯ ನೀರಿನಿಂದ ಗಾಡಿಯ ಕೆಳಭಾಗವನ್ನು ತೊಳೆಯದೆ ಒಳಗೆ ನಿಲ್ಲಿಸಕೂಡದು. ಕಡ್ಡಿಗಳನ್ನು ಸಣ್ಣ ಸ್ಪ್ಯಾನರಿನಿಂದ ಒಂದೊಂದಾಗಿ ತಟ್ಟಿರಿ. ಬಿಗಿಯಾದದ್ದು ಗಂಟೆಯಂತೆ ನುಡಿಯುತ್ತದೆ. ಸಡಿಲವಾದದ್ದು, ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಐದು ನಿಮಿಷದ ಕೆಲಸ, ಮೊಮ್ಮಕ್ಕಳಿಗೂ ಹೇಳಿಕೊಡಬಹುದು.

ಚೈನನ್ನು ಸಡಿಲ ನೋಡುವಾಗ ಚಕ್ರವನ್ನು ತಿರುಗಿಸಿ ಅತ್ಯಂತ ಬಿಗಿಯಾದ ಜಾಗದಲ್ಲಿ ನೋಡಬೇಕು. ಸುಮಾರು ಒಂದು ಅಂಗುಲ ಆಟವಿರಲಿ. ಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ ಇರಬೇಕು. ತಿರುವುಮುರುವಾಗಿ ಹಾಕಿದರೆ ಕ್ಲಿಪ್ಪು ಎದ್ದುಹೋಗುತ್ತದೆ. ಯೆಜ್ಡಿಯ ಚೈನು ಪೂರ್ತಿ ಮುಚ್ಚಿರುವುದರಿಂದ ಧೂಳಿನ ಭಯವಿಲ್ಲ, ಆದರೆ ಕಣ್ಣಿಗೂ ಬೀಳುವುದಿಲ್ಲ. ಹಿಂದೆ ಕೂರುವವರ ಸೆರಗು, ಸಡಿಲವಾದ ರೇನ್‌ಕೋಟಿನ ಅಂಚು ಚಕ್ರಕ್ಕೆ ಸಿಗದಂತೆ ಸೀರೆ ಗಾರ್ಡನ್ನು ಕಳಚದೆ ಇಡಿರಿ. ಅಂದ ಕೆಡುತ್ತದೆಂದು ಅದನ್ನು ತೆಗೆಸಿದವರನ್ನು ನಾವು ಬಲ್ಲೆವು.

ಕೇಬಲ್ಲುಗಳು ಸಾಮಾನ್ಯವಾಗಿ ಲಿವರಿನ ಬಳಿಯ ಗುಂಡಿನ ಹತ್ತಿರ ಒಂದೊಂದೇ ಎಳೆಯಾಗಿ ಕಡಿಯುತ್ತವೆ. ಒಂದು ಎಳೆ ಹೊರಬಂದದ್ದು ಕಂಡರೂ ಬದಲಾಯಿಸಬೇಕು. ಆಕ್ಸಲರೇಟರನ್ನು ತಿರುಗಿಸಿ ಬಿಟ್ಟಾಗ ಅದು ತಾನಾಗಿ ಟಪ್ಪೆಂದು ಮರಳಬೇಕು, ಹ್ಯಾಂಡಲ್ ಎಡಕ್ಕೆ ತಿರುಗಿಸಿದಾಗಲೂ, ಬಲಕ್ಕೆ ತಿರುಗಿಸಿದಾಗಲೂ. ಹ್ಯಾಂಡಲಿನ ಬೇರಿಂಗ್ ನೋಡಲು ಮುಂದಿನ ಚಕ್ರ ಎತ್ತಿ ನಿಲ್ಲಿಸಿ ಫೋರ್ಕಿನ ಕೆಳತುದಿ ಹಿಡಿದು ಹಿಂದೆಮುಂದೆ ಜಗ್ಗಿರಿ. ಟಕ್ ಎಂದರೆ ಸಡಿಲ. ಆಮೇಲೆ ನಿಧಾನವಾಗಿ ತಿರುಗಿಸಿ, ನೇರ ಇರುವ ಜಾಗದಲ್ಲಿ ಕಚ್ಚಿದಂತಾದರೆ ಬೇರಿಂಗಿನ ಬಟ್ಟಲುಗಳಲ್ಲಿ ಗುಳಿ ಬಿದ್ದಿದೆ.

ಹಳೆಯ 6 ವೋಲ್ಟಿನ ಗಾಡಿಗಳ ದೀಪ ಮಂಕು ಎಂಬುದು ನಿಜ. ಆದರೆ ಅರ್ಧ ದೋಷ ತುಕ್ಕು ಹಿಡಿದ ಅರ್ಥಿಂಗ್ ಜೋಡಣೆಯದು. ಅದನ್ನು ಕೆರೆದು ಬಿಗಿ ಮಾಡಿದರೆ ಬಲ್ಬಿಗೆ ಜೀವ ಬರುತ್ತದೆ. ಜಗಲಿಯ ದೀಪದಂಥ ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ಹಳೆಯ ಡೈನಮೋ, ಆಲ್ಟರ್ನೇಟರುಗಳು ತಡೆಯುವುದಿಲ್ಲ. ಹಿಂದಿನ ಕೆಂಪು ದೀಪ ಮತ್ತು ಬ್ರೇಕ್ ದೀಪ ಮಂಜಿನಲ್ಲಿ ಮುಂದಿನದಕ್ಕಿಂತ ಮುಖ್ಯ.

ಪೆಟ್ರೋಲಿನ ಬಗ್ಗೆ ಹೊಸ ಮಾತೊಂದಿದೆ. 2023ರಿಂದೀಚೆಗೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್ ಬಂಕುಗಳಿಗೆ ಬಂದಿದೆ. ಈ ಗಾಡಿಗಳು ಹುಟ್ಟಿದಾಗ ಅದನ್ನು ಯಾರೂ ಎಣಿಸಿರಲಿಲ್ಲ. ಹಳೆಯ ರಬ್ಬರ್ ಕೊಳವೆ, ನಲ್ಲಿಯ ವಾಷರು, ಕಾರ್ಬ್ಯುರೇಟರಿನ ಸೀಲುಗಳನ್ನು ಎಥನಾಲ್ ಮೆತ್ತಗೆ ಮಾಡಿಯೋ ಬಿರುಕು ಬಿಡಿಸಿಯೋ ಸೋರುವಂತೆ ಮಾಡುತ್ತದೆ. ಕಾದ ಎಂಜಿನ್ನಿನ ಮೇಲೆ ಪೆಟ್ರೋಲ್ ಹನಿಯುವುದೆಂದರೇನೆಂದು ವಿವರಿಸಬೇಕಾಗಿಲ್ಲ. ಎಥನಾಲ್ ತಡೆಯುವ ಕೊಳವೆಗಳನ್ನು ಕೇಳಿ ಹಾಕಿಸಿರಿ. ಅದು ಗಾಳಿಯ ತೇವವನ್ನೂ ಹೀರುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಅರ್ಧ ಟ್ಯಾಂಕಿನಲ್ಲಿ ನಿಲ್ಲಿಸಿದರೆ ನೀರು, ಎಥನಾಲ್ ಬೇರ್ಪಟ್ಟು ತಳಕ್ಕೆ ಇಳಿಯುವುದುಂಟು. ಗಾಡಿಯನ್ನು ನಿಲ್ಲಿಸುವುದಾದರೆ ಪೆಟ್ರೋಲ್ ಇಳಿಸಿ, ನಲ್ಲಿ ಮುಚ್ಚಿ ಕಾರ್ಬ್ಯುರೇಟರ್ ಬರಿದು ಮಾಡಿ ನಿಲ್ಲಿಸತಕ್ಕದ್ದು.

ಇನ್ನು ಬುಲೆಟ್ಟಿನ ಬೇರೆ ಅಪಾಯ. ಹಳೆಯ ಬುಲೆಟ್ಟಿಗೆ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಮೊದಲನೆಯ ಗೇರು ಮೇಲಕ್ಕೆ, ಉಳಿದವು ಕೆಳಕ್ಕೆ. ಈಗಿನ ಗಾಡಿಗಳಲ್ಲಿ ಬ್ರೇಕು ಬಲಗಾಲಿಗೆ. ಮಕ್ಕಳು ಬೆಂಗಳೂರಿನಲ್ಲಿ ಹೊಸ ಬೈಕಿನಲ್ಲಿ ಕಲಿತು ರಜೆಗೆ ಬಂದು ಅಜ್ಜನ ಬುಲೆಟ್ ಹೊರಗೆ ತೆಗೆಯುತ್ತಾರೆ. ಸಮತಟ್ಟಿನಲ್ಲಿ ಹತ್ತು ನಿಮಿಷದಲ್ಲಿ ಅಭ್ಯಾಸವಾಯಿತೆಂದು ಅನ್ನಿಸುತ್ತದೆ. ತಿರುವಿನಲ್ಲಿ ದನ ಅಡ್ಡ ಬಂದಾಗ ಕಾಲು ಯೋಚಿಸುವುದಿಲ್ಲ, ಕಲಿತದ್ದನ್ನು ಮಾಡುತ್ತದೆ. ಬಲಗಾಲು ಬಲವಾಗಿ ಕೆಳಕ್ಕೆ ತುಳಿಯುತ್ತದೆ. ಬ್ರೇಕ್ ಬೀಳುವ ಬದಲು ಗಾಡಿ ಮೇಲಿನ ಗೇರಿಗೆ ಹೋಗಿ, ಇದ್ದ ಎಂಜಿನ್ನಿನ ಹಿಡಿತವೂ ತಪ್ಪುತ್ತದೆ. ಎರಡು ಮೂರು ದಿನ ಕಣದಲ್ಲಿ, ತೋಟದ ರಸ್ತೆಯಲ್ಲಿ ಥಟ್ಟನೆ ನಿಲ್ಲಿಸುವ ಅಭ್ಯಾಸ ಮಾಡಿಸದೆ ಕೀಲಿಕೈ ಕೊಡಬೇಡಿರಿ. ಮಗನ ಮನಸ್ಸಿಗೆ ನೋವಾದೀತೆಂಬ ದಾಕ್ಷಿಣ್ಯ ಇಲ್ಲಿ ಬೇಡ. ಕಿಕ್ ಮಾಡುವುದನ್ನೂ ಕಲಿಸಬೇಕು: ಡಿಕಂಪ್ರೆಸರ್ ಒತ್ತಿ ಆಮೀಟರಿನ ಮುಳ್ಳು ನೋಡಿಕೊಂಡು ಪಿಸ್ಟನ್ನನ್ನು ಮೇಲಿನ ತುದಿ ದಾಟಿಸಿ, ಆಮೇಲೆ ಪೂರ್ತಿ ತುಳಿಯುವುದು. ಇಗ್ನಿಷನ್ ಟೈಮಿಂಗ್ ಮುಂದಾಗಿದ್ದರೆ ಕಿಕ್ ತಿರುಗಿ ಒದ್ದು ಪಾದದ ಕೀಲು ಮುರಿಯಬಲ್ಲದು.

ಹೆಲ್ಮೆಟ್ ಇಬ್ಬರಿಗೂ ಬೇಕು, ಐ.ಎಸ್.ಐ. ಗುರುತಿನದು. ಒಮ್ಮೆ ಬಿದ್ದು ಪೆಟ್ಟು ತಿಂದದ್ದನ್ನು ಹೊರಗೆ ಗೀರಿಲ್ಲವೆಂದು ಉಳಿಸಿಕೊಳ್ಳಬಾರದು.

ಕಾಗದಪತ್ರಗಳ ಬಗ್ಗೆ ಎರಡೇ ಮಾತು. ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಗಾಡಿಯನ್ನು ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಅರ್ಜಿ ನಮೂನೆ 25ರಲ್ಲಿ, ಅವಧಿ ಮುಗಿಯುವ ಮುನ್ನಿನ 60 ದಿನಗಳೊಳಗೆ. ತೋಟದೊಳಗೆ ಓಡಿಸುತ್ತೇವೆಂದು ವಿಮೆ ಬಿಟ್ಟವರು ಗೇಟು ದಾಟಿ ಅಂಚೆ ಕಚೇರಿಗೆ ಹೋಗುವುದನ್ನು ನಾವು ದಿನವೂ ನೋಡುತ್ತೇವೆ. ದಾರಿಯಲ್ಲಿ ಇನ್ನೊಬ್ಬರಿಗೆ ಪೆಟ್ಟಾದರೆ ಪರಿಹಾರಕ್ಕೆ ತೋಟವನ್ನೇ ಅಡವಿಡಬೇಕಾದೀತು.

ಬ್ರೇಕ್ ಶೂ ಬದಲಾಯಿಸಿದ ತಾರೀಖು, ಟೈರಿನ ನಾಲ್ಕಂಕಿ, ಕೇಬಲ್ ಹಾಕಿದ ತಿಂಗಳು, ಇಷ್ಟನ್ನು ಗೊಬ್ಬರದ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟರೆ ಸಾಕು. ಗಾಳಿ ಅಳೆಯುವ ಗೇಜು ಮತ್ತು ಪಾಯಿಂಟ್ ಅಂತರ ನೋಡುವ ಫೀಲರ್ ಗೇಜಿನ ಒಂದೊಂದು ಸೆಟ್ ಸಂಘದ ಕಚೇರಿಯಲ್ಲಿದೆ. ಸದಸ್ಯರು ಪುಸ್ತಕದಲ್ಲಿ ರುಜು ಮಾಡಿ ಒಯ್ಯಬಹುದು. ಮೂರು ದಿನಗಳೊಳಗೆ ಒರೆಸಿ, ಎಣ್ಣೆ ಸವರಿ ಹಿಂದಿರುಗಿಸಬೇಕು.